ಅಂಕಿ ಹುಟ್ಟುವ ಜಾಗಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ಯಿರಿ

ಪ್ರಶ್ನೆ: ನಾನು ವೈದ್ಯಕೀಯ ಕಾಲೇಜೊಂದರಲ್ಲಿ ಸಮುದಾಯ ವೈದ್ಯಶಾಸ್ತ್ರ ಕಲಿಸುತ್ತೇನೆ. ಆರೋಗ್ಯ ಮಾಹಿತಿ ವ್ಯವಸ್ಥೆಯ ಪಾಠ ಬಂದಾಗಲೆಲ್ಲ ತರಗತಿ ತೂಕಡಿಸುತ್ತದೆ. ಎಚ್‌ಎಂಐಎಸ್ (ಆರೋಗ್ಯ ಸಂಸ್ಥೆಗಳ ಮಾಸಿಕ ವರದಿ), ಆರ್‌ಸಿಎಚ್ (ತಾಯಿ–ಮಗುವಿನ ಆರೋಗ್ಯ), ನಿಕ್ಷಯ್ (ಕ್ಷಯರೋಗ) ಎಂಬ ಸರ್ಕಾರಿ ಪೋರ್ಟಲ್‌ಗಳ ಹೆಸರುಗಳನ್ನು ವಿದ್ಯಾರ್ಥಿಗಳು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ‘ಇದು ಡೇಟಾ ಎಂಟ್ರಿಯವರ ಕೆಲಸ ಅಲ್ಲವೇ ಮೇಡಂ’ ಎಂದೂ ಕೇಳುತ್ತಾರೆ. ಎಲ್ಲಿಂದ ಆರಂಭಿಸಲಿ?
– ಸಹಾಯಕ ಪ್ರಾಧ್ಯಾಪಕಿ, ರಾಯಚೂರು

ಉತ್ತರ: ಪೋರ್ಟಲ್‌ಗಳ ಹೆಸರಿನಿಂದ ಆರಂಭಿಸುವುದನ್ನು ಬಿಡಿ. ಅವು ಬದಲಾಗುತ್ತಲೇ ಇರುತ್ತವೆ. ರೋಗ ಕಣ್ಗಾವಲಿನ ವಾರದ ವರದಿಗಳನ್ನು ಬಹುಕಾಲ ಕಾಗದದ ನಮೂನೆಗಳಲ್ಲಿ ಕಳಿಸುತ್ತಿದ್ದವರೇ 2018ರ ನಂತರ ಐಎಚ್‌ಐಪಿ ಎಂಬ ಆನ್‌ಲೈನ್ ವೇದಿಕೆಗೆ ಹೊರಳಿದ್ದಾರೆ. ಬದಲಾಗದಿರುವುದು ಅಂಕಿ ಹುಟ್ಟುವ ರೀತಿ. ಆದ್ದರಿಂದ ವಿದ್ಯಾರ್ಥಿಗಳನ್ನು ಮೊದಲು ಒಂದು ಉಪಕೇಂದ್ರಕ್ಕೆ ಕರೆದೊಯ್ದು, ಒಂದೇ ಒಂದು ಅಂಕಿಯನ್ನು ಹಿಡಿದು ಅದರ ಬೆನ್ನು ಹತ್ತಲು ಹೇಳಿ.

ಉದಾಹರಣೆಗೆ, ದೇವದುರ್ಗ ತಾಲ್ಲೂಕಿನ ಒಂದು ಊರಿನಲ್ಲಿ ಮೂರನೇ ತಿಂಗಳಿಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆದ ಗರ್ಭಿಣಿಯೊಬ್ಬಳಿದ್ದಾಳೆ ಎಂದಿಟ್ಟುಕೊಳ್ಳಿ. ಸುಗ್ಗಿ ಮುಗಿದ ಮೇಲೆ ಆಕೆಯ ಮನೆಯವರು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಚೊಚ್ಚಲ ಹೆರಿಗೆಯಾದ್ದರಿಂದ ಏಳನೇ ತಿಂಗಳಿಗೆ ಆಕೆ ಸಿಂಧನೂರಿನ ಕಡೆಯ ತವರಿಗೆ ಬರುತ್ತಾಳೆ. ರಕ್ತದೊತ್ತಡ ಏರಿದ ಕಾರಣ ಕೊನೆಗೆ ಹೆರಿಗೆ ಆಗುವುದು ಬಳ್ಳಾರಿಯ ದೊಡ್ಡ ಆಸ್ಪತ್ರೆಯಲ್ಲಿ. ಈಗ ಲೆಕ್ಕ ನೋಡಿ. 2008ರಿಂದ ಜಾರಿಯಲ್ಲಿರುವ ಎಚ್‌ಎಂಐಎಸ್‌ನಲ್ಲಿ ಪ್ರತಿ ಆರೋಗ್ಯ ಸಂಸ್ಥೆಯೂ ತನ್ನಲ್ಲಿ ನಡೆದದ್ದನ್ನು ತಿಂಗಳಿಗೊಮ್ಮೆ ಒಟ್ಟು ಸಂಖ್ಯೆಯಾಗಿ ಕಳಿಸುತ್ತದೆಯಾದ್ದರಿಂದ, ನೋಂದಣಿ ದೇವದುರ್ಗದ ಪಾಲಿಗೂ ಹೆರಿಗೆ ಬಳ್ಳಾರಿಯ ಪಾಲಿಗೂ ಬೀಳುತ್ತದೆ. ಹಳ್ಳಿಯ ವರದಿಯಲ್ಲಿ ನೋಂದಣಿಗಿಂತ ಹೆರಿಗೆ ಕಡಿಮೆ. ದೊಡ್ಡ ಆಸ್ಪತ್ರೆಯಿರುವ ಊರಿನಲ್ಲಿ ಅಂದಾಜಿಸಿದ ಹೆರಿಗೆಗಳಿಗಿಂತ ಆದ ಹೆರಿಗೆಗಳೇ ಹೆಚ್ಚಾಗಿ, ಶೇಕಡಾವಾರು ನೂರನ್ನೂ ದಾಟಬಹುದು. ಯಾರೂ ಸುಳ್ಳು ಬರೆದಿಲ್ಲ. ಶೇಕಡಾವಾರು ಲೆಕ್ಕದ ಮೇಲಿನ ಸಂಖ್ಯೆಯಾದ ಅಂಶವನ್ನು ಹೆರಿಗೆ ಆದ ಸ್ಥಳದಿಂದಲೂ ಕೆಳಗಿನ ಸಂಖ್ಯೆಯಾದ ಛೇದವನ್ನು ಜನ ವಾಸಿಸುವ ಸ್ಥಳದಿಂದಲೂ ತೆಗೆದುಕೊಂಡಿದ್ದೇವೆ, ಅಷ್ಟೇ. ಹೆಸರು ಹಿಡಿದು ತಾಯಿಯನ್ನೂ ಮಗುವನ್ನೂ ಹಿಂಬಾಲಿಸುವ ಆರ್‌ಸಿಎಚ್ ಪೋರ್ಟಲ್ ಏಕೆ ಬೇಕಾಯಿತು ಎಂಬುದನ್ನು ಇಷ್ಟಾದ ಮೇಲೆ ವಿವರಿಸಬೇಕಾಗಿಯೇ ಇರುವುದಿಲ್ಲ. ಗುಳೆಯನ್ನೂ ತವರಿನ ಹೆರಿಗೆಯನ್ನೂ ಕಂಡು ಬೆಳೆದ ನಮ್ಮ ಭಾಗದ ಮಕ್ಕಳಿಗೆ ಛೇದದ ಪಾಠ ಹೇಳುವುದು ನಿಜಕ್ಕೂ ಸುಲಭ. ನಾವೇ ಅದನ್ನು ಬೇರೆ ನಾಡಿನ ಉದಾಹರಣೆಗಳಿಂದ ಕಷ್ಟ ಮಾಡಿಕೊಂಡಿದ್ದೇವೆ.

ವಿದ್ಯಾರ್ಥಿಗಳು ಉಪಕೇಂದ್ರದ ಸಿಸ್ಟರ್ ಪಕ್ಕದಲ್ಲಿ ಅರ್ಧ ದಿನ ಕುಳಿತು, ಅವರು ಒಂದೇ ಗರ್ಭಿಣಿಯ ವಿವರವನ್ನು ಎಷ್ಟು ರಿಜಿಸ್ಟರುಗಳಲ್ಲಿ ಬರೆಯುತ್ತಾರೆ ಎಂದು ಎಣಿಸಲಿ. ಪರಿಶೀಲನೆಯ ನೆಪದಲ್ಲಿ ಅವರ ತಪ್ಪು ಹುಡುಕಲು ಮಾತ್ರ ಬಿಡಬೇಡಿ.

ಇನ್ನೊಂದು ಅಭ್ಯಾಸವನ್ನು ನಿಮ್ಮ ಹೊರರೋಗಿ ವಿಭಾಗದಲ್ಲಿಯೇ ಮಾಡಿಸಬಹುದು. ಬರೆದಿಟ್ಟ ನೂರು ರಕ್ತದೊತ್ತಡಗಳ ಕೊನೆಯ ಅಂಕಿಯನ್ನಷ್ಟೇ ಎಣಿಸಲು ಹೇಳಿ. ಪಾದರಸದ ಉಪಕರಣದಲ್ಲಿ ಎರಡು ಮಿಲಿಮೀಟರಿಗೊಂದು ಗೆರೆ ಇರುವುದರಿಂದ ಸೊನ್ನೆಯಲ್ಲಿ ಕೊನೆಗೊಳ್ಳುವವು ಸುಮಾರು ಐದರಲ್ಲೊಂದು ಪಾಲು ಇರಬೇಕು. ಸೊನ್ನೆಗಳೇ ತುಂಬಿಕೊಂಡಿದ್ದರೆ, ಅಳೆದವರು ಗೆರೆ ನೋಡದೆ ಅಂದಾಜಿನಲ್ಲಿ ಬರೆದಿದ್ದಾರೆ ಎಂದೇ ಅರ್ಥ. ಆ ಬರಹಗಳಲ್ಲಿ ಕೆಲವು ತಮ್ಮವೇ ಎಂದು ತಿಳಿದ ದಿನ ‘ಡೇಟಾ ಎಂಟ್ರಿಯವರ ಕೆಲಸ’ ಎಂಬ ಮಾತು ತಾನಾಗಿ ನಿಲ್ಲುತ್ತದೆ.

ಪ್ರಶ್ನೆ: ನಾನು ಅಂತಿಮ ವರ್ಷದ ವಿದ್ಯಾರ್ಥಿ. ಮುಂದೆ ಆರೋಗ್ಯ ದತ್ತಾಂಶದ ಕೆಲಸ ಮಾಡುವಾಸೆ ಇದೆ. ಈಗಲೇ ಪ್ರೋಗ್ರಾಮಿಂಗ್ ಕಲಿಯಬೇಕೇ?
– ಓದುಗ, ಕೊಪ್ಪಳ

ಉತ್ತರ: ಕಲಿತರೆ ನಷ್ಟವಿಲ್ಲ. ಆದರೆ ಮೊದಲು ಎಕ್ಸೆಲ್ ಹಾಳೆಯೊಂದನ್ನು ಅಚ್ಚುಕಟ್ಟಾಗಿ ತುಂಬಿ ವಿಂಗಡಿಸುವುದನ್ನು, ಅದಕ್ಕಿಂತ ಮೊದಲು ಮರಣ ಕಾರಣದ ಪ್ರಮಾಣಪತ್ರ ಬರೆಯುವುದನ್ನು ಕಲಿಯಿರಿ. ಆಸ್ಪತ್ರೆಯ ಸಾವಿಗೆ ತುಂಬುವ ನಮೂನೆ 4ರಲ್ಲಿ ಮೇಲಿನ ಸಾಲಿನಲ್ಲಿ ಕೊನೆಯ ಕಾರಣವನ್ನೂ, ಕೆಳಗಿನ ಸಾಲುಗಳಲ್ಲಿ ಅದಕ್ಕೆ ದಾರಿಯಾದ ಕಾರಣಗಳನ್ನೂ ಒಂದರ ಕೆಳಗೊಂದು ಬರೆಯಬೇಕು; ಅತ್ಯಂತ ಕೆಳಗಿನದು ಮೂಲ ಕಾರಣ. ‘ಹೃದಯ ಸ್ತಂಭನ’ ಎಂದಷ್ಟೇ ಬರೆದು ಸಹಿ ಹಾಕಿದರೆ, ಹಾವು ಕಡಿದು ಸತ್ತವರೂ ಕ್ಷಯದಿಂದ ಸತ್ತವರೂ ಲೆಕ್ಕದಲ್ಲಿ ಒಂದೇ ಆಗಿಬಿಡುತ್ತಾರೆ. ಎದೆಬಡಿತ ನಿಲ್ಲದೆ ಯಾರೂ ಸಾಯುವುದಿಲ್ಲವಲ್ಲ! ಕಳೆದುಹೋದ ಈ ಮಾಹಿತಿಯನ್ನು ಆಮೇಲೆ ಯಾವ ಪ್ರೋಗ್ರಾಮೂ ಮರಳಿ ತರಲಾರದು.

ಪ್ರಶ್ನೆ: ಅಪರೂಪದ ಪ್ರಕರಣಗಳ ಫೋಟೊ ಮತ್ತು ವರದಿಯನ್ನು ಹೆಸರು ಅಳಿಸಿ ನಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಿಕೊಳ್ಳುತ್ತೇವೆ. ತಪ್ಪೇ?
– ಹೌಸ್ ಸರ್ಜನ್, ಬಳ್ಳಾರಿ

ಉತ್ತರ: ಹೆಸರು ಅಳಿಸಿದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ. ಸಂಡೂರು ತಾಲ್ಲೂಕಿನ ಒಂದು ಸಣ್ಣ ಊರು, ಹತ್ತೊಂಬತ್ತು ವರ್ಷದ ಹೆಣ್ಣುಮಗಳು, ಒಂದು ಅಪರೂಪದ ರೋಗ – ಇಷ್ಟು ಹೇಳಿದರೆ ಆ ಊರಿನವರಿಗೆ ಅದು ಯಾರ ಮನೆಯ ಮಗಳೆಂದು ಗೊತ್ತಾಗುತ್ತದೆ, ನಿಮ್ಮ ಗುಂಪಿನಲ್ಲಿ ಆ ಕಡೆಯವರೊಬ್ಬರಾದರೂ ಇರುತ್ತಾರೆ. ರೋಗಿಯ ಲಿಖಿತ ಒಪ್ಪಿಗೆ ಪಡೆಯಿರಿ. ಊರು ಮತ್ತು ನಿಖರ ವಯಸ್ಸನ್ನು ಬಿಡಿ. ಎಕ್ಸ್‌ರೇ ಮೂಲೆಯಲ್ಲಿ ಅಚ್ಚಾಗಿರುವ ಆಸ್ಪತ್ರೆಯ ಸಂಖ್ಯೆಯನ್ನೂ ಮರೆಯದೆ ಮುಚ್ಚಿ. ಚರ್ಚೆ ಮುಗಿದ ಮೇಲೆ ಫೋಟೊವನ್ನು ಫೋನಿನ ಗ್ಯಾಲರಿಯಿಂದಲೂ ತೆಗೆಯಬೇಕು. ದೇಶದಲ್ಲಿ 2023ರಲ್ಲಿ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣೆಗೆಂದೇ ಕಾಯ್ದೆ ಅಂಗೀಕಾರವಾಗಿದೆ. ಆದರೆ ರೋಗಿಯ ಗುಟ್ಟು ಕಾಯುವ ಹೊಣೆ ವೈದ್ಯರ ಮೇಲೆ ಅದಕ್ಕೂ ಬಹಳ ಹಿಂದಿನಿಂದಲೇ ಇದೆ.