ದಿನಾ ಹಾಕುವ ಉಂಗುರಕ್ಕೆ ಪಚ್ಚೆ ಆಗುತ್ತಾ? ಯಾವ ಚಿನ್ನ ಸರಿ?

ನೀವು ಕೇಳಿರುವುದು ಇಷ್ಟು: ದಿನಾ ಹಾಕಿಕೊಳ್ಳಲು ಒಂದು ಉಂಗುರ ಮಾಡಿಸಬೇಕು, ಮನಸ್ಸು ಪಚ್ಚೆಯ ಮೇಲಿದೆ, ಆದರೆ ಎಲ್ಲರೂ "ವಜ್ರನೇ ಗಟ್ಟಿ, ಅದನ್ನೇ ಹಾಕಿಸು" ಅನ್ನುತ್ತಿದ್ದಾರೆ. ಜೊತೆಗೆ 22 ಕ್ಯಾರೆಟ್ಟೋ 18 ಕ್ಯಾರೆಟ್ಟೋ, ಬಿಳಿ ಚಿನ್ನವೋ ಪ್ಲಾಟಿನಮ್ಮೋ ಅನ್ನುವ ಗೊಂದಲ ಬೇರೆ.

ನಾನು ಒಡವೆ ಮಾರುವವನಲ್ಲ, ರಿಪೇರಿ ಮಾಡುವವನು. ನನ್ನ ಮೇಜಿಗೆ ಬರುವುದೆಲ್ಲ ಐದಾರು ವರ್ಷ ಬೆರಳಲ್ಲಿದ್ದು ಪೆಟ್ಟು ತಿಂದ ಉಂಗುರಗಳು. ಹಾಗಾಗಿ ನನ್ನ ಲೆಕ್ಕಾಚಾರ ಸ್ವಲ್ಪ ಬೇರೆ.

ಮೊದಲು ಈ 'ಗಟ್ಟಿ' ಅನ್ನುವ ಮಾತು ನೋಡೋಣ. ಗೀರು ಬೀಳದಿರುವುದು ಒಂದು, ಪೆಟ್ಟಿಗೆ ಒಡೆಯದಿರುವುದು ಇನ್ನೊಂದು. ಎರಡನ್ನೂ ನಾವು ಗಟ್ಟಿ ಅಂತಲೇ ಕರೆಯುತ್ತೇವೆ, ಅಲ್ಲೇ ಎಡವಟ್ಟಾಗುವುದು. 1812ರಲ್ಲಿ ಫ್ರೀಡ್ರಿಶ್ ಮೋಸ್ ಅನ್ನುವ ಖನಿಜ ತಜ್ಞ ಮಾಡಿದ ಪಟ್ಟಿ ಹೇಳುವುದು ಗೀರಿನ ವಿಷಯ ಮಾತ್ರ. ಅದರಲ್ಲಿ ವಜ್ರ 10, ಮಾಣಿಕ್ಯ ಮತ್ತು ನೀಲ 9, ಪಚ್ಚೆ ಏಳೂವರೆಯಿಂದ 8, ಸ್ಫಟಿಕ 7. ಮುತ್ತು ಎರಡೂವರೆಯ ಆಸುಪಾಸು. ಇಲ್ಲಿ 7 ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಧೂಳಿನಲ್ಲಿರುವ ಮರಳಿನ ಕಣ ಬಹುಪಾಲು ಸ್ಫಟಿಕದ ಪುಡಿಯೇ. ಅದಕ್ಕಿಂತ ಮೆತ್ತಗಿನ ಹರಳನ್ನು ಒಣ ಬಟ್ಟೆಯಲ್ಲಿ ಸುಮ್ನೆ ಒರೆಸುತ್ತಾ ಬಂದರೂ ಸಾಕು, ಹೊಳಪು ನಿಧಾನಕ್ಕೆ ಮಂಕಾಗುತ್ತದೆ.

ಇನ್ನು ಪೆಟ್ಟು. ಕಟ್ಟಿಗೆಯನ್ನು ಎಳೆ ನೋಡಿ ಸೀಳುತ್ತೇವಲ್ಲ, ವಜ್ರಕ್ಕೂ ಹಾಗೆ ಸೀಳಿಹೋಗುವ ದಿಕ್ಕುಗಳಿವೆ, ಒಟ್ಟು ನಾಲ್ಕು. ಗ್ರಹಚಾರ ಕೆಟ್ಟು ಪೆಟ್ಟು ಆ ದಿಕ್ಕಿಗೇ ಬಿದ್ದರೆ ವಜ್ರದ ಅಂಚೂ ಚಕ್ಕೆ ಏಳುತ್ತದೆ. ಅದೇ ನೆಫ್ರೈಟ್ ಜೇಡ್ ಅನ್ನುವ ಕಲ್ಲು ನೋಡಿ, ಪಟ್ಟಿಯಲ್ಲಿ ಬರೀ ಆರು, ಆರೂವರೆ. ಒಳಗೆ ನಾರು ನಾರಾಗಿ ಹೆಣೆದುಕೊಂಡಿರುವುದರಿಂದ ಅದನ್ನು ಒಡೆಯುವುದು ಮಹಾ ಕಷ್ಟ.

ಪಚ್ಚೆಗೆ ಇರುವುದೂ ಪೆಟ್ಟಿನ ಭಯವೇ. ಬಹುತೇಕ ಪಚ್ಚೆಗಳಲ್ಲಿ ಹುಟ್ಟಿನಿಂದಲೇ ಸಣ್ಣ ಬಿರುಕುಗಳಿರುತ್ತವೆ. ಅವುಗಳೊಳಗೆ ಎಣ್ಣೆಯನ್ನೋ ರಾಳವನ್ನೋ ಇಳಿಸಿ ಕಾಣದ ಹಾಗೆ ಮಾಡುತ್ತಾರೆ. ಇದು ಹಳೆಯ ಪದ್ಧತಿ. ಹೇಳಿ ಮಾರಿದರೆ ಮೋಸವೇನೂ ಇಲ್ಲ. ನಾನು ಕೆಲಸ ಕಲಿಯುತ್ತಿದ್ದಾಗ ಕೊಳೆ ಕಟ್ಟಿದ್ದ ಒಂದು ಪಚ್ಚೆ ಉಂಗುರವನ್ನು ಯಾರನ್ನೂ ಕೇಳದೆ ಕಂಪನದಿಂದ ಕೊಳೆ ಬಿಡಿಸುವ ಅಲ್ಟ್ರಾಸಾನಿಕ್ ಯಂತ್ರದೊಳಗೆ ಬಿಟ್ಟಿದ್ದೆ. ಸ್ವಲ್ಪ ಹೊತ್ತು ಬಿಟ್ಟು ತೆಗೆದು, ಒರೆಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ನೋಡಿದರೆ ಹಸಿರಿನೊಳಗೆ ಬಿಳಿ ಗೆರೆಗಳು! ಬೆಳ್ಳನೆ ಕೂದಲು ಸಿಕ್ಕಿಹಾಕಿಕೊಂಡ ಹಾಗೆ ಕಾಣುತ್ತಿತ್ತು. ಕೊಳೆಯ ಜೊತೆ ಎಣ್ಣೆಯೂ ಹೋಗಿತ್ತು. ಮತ್ತೆ ಎಣ್ಣೆ ತುಂಬಿಸಿ ಕೊಟ್ಟೆವು. ಅವತ್ತು ತಿಂದ ಬೈಗುಳ ಇನ್ನೂ ನೆನಪಿದೆ.

ಹಾಗಂತ ಪಚ್ಚೆ ಬೇಡ ಅನ್ನುವುದಿಲ್ಲ. ಕಿವಿಗೆ, ಕತ್ತಿಗೆ ಧಾರಾಳವಾಗಿ ಹಾಕಿಸಿ, ಅಲ್ಲಿ ಪೆಟ್ಟು ಬೀಳುವುದು ಕಡಿಮೆ. ಉಂಗುರಕ್ಕೇ ಬೇಕು ಅಂದರೆ ಹರಳು ಎತ್ತರಕ್ಕೆ ನಿಲ್ಲದ ಹಾಗೆ ತಗ್ಗಿನಲ್ಲಿ ಕೂರಿಸಿ, ಸುತ್ತಲೂ ಲೋಹದ ಪಟ್ಟಿ ಕಟ್ಟಿಸಿ. ಪಾತ್ರೆ ತೊಳೆಯುವಾಗ, ಭಾರ ಎತ್ತುವಾಗ ತೆಗೆದಿಡಿ. ತೊಳೆಯಲು ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತನೆಯ ಬ್ರಷ್ ಸಾಕು.

ಇಷ್ಟೆಲ್ಲ ಪಥ್ಯ ಯಾರಿಗೆ ಬೇಕು ಅನ್ನಿಸಿದರೆ ಹಸಿರು ಬಣ್ಣದ ನೀಲ ನೋಡಿ. ಹೆಸರು ಕೇಳಿ ನಗಬೇಡಿ, ನಿಜವಾಗಿಯೂ ಇದೆ. ಮಾಣಿಕ್ಯ, ನೀಲ ಎರಡೂ ಒಂದೇ ಖನಿಜ, ಕೊರಂಡಮ್. ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲಿ. ಹಳದಿ, ಹಸಿರು ಬಣ್ಣದವೂ ಸಿಗುತ್ತವೆ. ಪಚ್ಚೆಯ ಆ ತುಂಬು ಹಸಿರು ಇದಕ್ಕೆ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ದಿನಬಳಕೆಗೆ ನನ್ನ ವೋಟು ಇದಕ್ಕೇ.

ಅಂದ ಹಾಗೆ, ಬಣ್ಣ ನೋಡಿ ಹರಳಿನ ಹೆಸರು ಹೇಳಲು ಹೋಗಬೇಡಿ. ಬ್ರಿಟನ್ನಿನ ರಾಜಕಿರೀಟದಲ್ಲಿರುವ 'ಬ್ಲ್ಯಾಕ್ ಪ್ರಿನ್ಸ್ ರೂಬಿ' ಮಾಣಿಕ್ಯವೇ ಅಲ್ಲ, ಸ್ಪಿನೆಲ್ ಅನ್ನುವ ಬೇರೆ ಹರಳು. ರಾಜರ ಕಥೆಯೇ ಹೀಗಾದರೆ ನಮ್ಮ ನಿಮ್ಮ ಪಾಡೇನು? ಅದಕ್ಕೇ ಕೊಳ್ಳುವಾಗ "ಅಸಲಿಯಾ?" ಅಂತ ಕೇಳಿ ಸುಮ್ಮನಾಗಬೇಡಿ. "ಇದಕ್ಕೆ ಏನೇನು ಮಾಡಿದ್ದೀರಿ?" ಅಂತ ಕೇಳಿ. ಮಾಣಿಕ್ಯ, ನೀಲಗಳನ್ನು ಬಣ್ಣ ಚೆನ್ನಾಗಿ ಬರಲಿ ಅಂತ ಕಾಯಿಸುವುದು ಮಾಮೂಲು. ಆ ಬಣ್ಣ ಹೋಗುವುದಿಲ್ಲ. ಸೀಸದ ಗಾಜು ತುಂಬಿದ ಮಾಣಿಕ್ಯ ಮಾತ್ರ ಬೇಡವೇ ಬೇಡ. ನಿಂಬೆರಸ ತಾಗಿದರೂ ಆ ಗಾಜು ಹಾಳಾಗುತ್ತದೆ. ನಾನಂತೂ ಅಂಥ ಉಂಗುರದ ಹತ್ತಿರ ಬೆಸುಗೆ ಉರಿ ತರಲು ಹೆದರುತ್ತೇನೆ. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ನಕಲಿ ಅಲ್ಲ, ಅದೂ ಇಂಗಾಲವೇ, ಗಟ್ಟಿತನವೂ ಅಷ್ಟೇ. ಗಣಿಯದು ಅಂತ ಹೇಳಿ ಮಾರಿದರೆ ಮಾತ್ರ ಮೋಸ.

ಈಗ ಲೋಹ. ಕ್ಯಾರೆಟ್ ಅನ್ನುವ ಒಂದೇ ಮಾತಿಗೆ ಇಲ್ಲಿ ಎರಡು ಅರ್ಥ. ಹರಳಿಗಾದರೆ ತೂಕ: 1 ಕ್ಯಾರೆಟ್ ಅಂದರೆ 200 ಮಿಲಿಗ್ರಾಂ. ಚಿನ್ನಕ್ಕಾದರೆ 24ರಲ್ಲಿ ಎಷ್ಟು ಪಾಲು ಅಪರಂಜಿ ಅನ್ನುವ ಲೆಕ್ಕ. 22 ಕ್ಯಾರೆಟ್‌ಗೆ 916 ಅಂತ ಮುದ್ರೆ, ಅಂದರೆ ಸಾವಿರಕ್ಕೆ 916 ಪಾಲು ಚಿನ್ನ; 18ಕ್ಕೆ 750. ಮಿಕ್ಕಿದ್ದು ತಾಮ್ರ, ಬೆಳ್ಳಿ ಇತ್ಯಾದಿ. ಬೇರೆ ಲೋಹ ಜಾಸ್ತಿಯಾದಷ್ಟೂ ಚಿನ್ನ ಬಿಗಿಯಾಗುತ್ತದೆ. ಹರಳಿಲ್ಲದ ಬಳೆ, ಸರಕ್ಕೆ 22 ಚೆನ್ನ. ಹರಳನ್ನು ಉಗುರಿನ ಹಾಗೆ ನಾಲ್ಕು ಕಡೆಯಿಂದ ಹಿಡಿಯುವ ಕಂಬಿಗಳಿರುತ್ತವಲ್ಲ, 22ರಲ್ಲಿ ಅವು ಬೇಗ ಬಾಗುತ್ತವೆ. ಅದಕ್ಕೆ 18ನ್ನೇ ಹೇಳುತ್ತೇನೆ. ಹರಳು ಬಿದ್ದುಹೋಯಿತು ಅಂತ ಅಳುತ್ತಾ ಬರುವವರ ಉಂಗುರದಲ್ಲಿ ನಾನು ನೋಡುವುದು ಹೆಚ್ಚಾಗಿ ಇದನ್ನೇ, ಒಂದು ಕಂಬಿ ಸವೆದು ತುದಿಯೇ ಇರುವುದಿಲ್ಲ.

ಬಿಳಿ ಚಿನ್ನ ಅಂದರೆ ಚಿನ್ನಕ್ಕೆ ಪಲ್ಲಾಡಿಯಂ ಅಥವಾ ನಿಕಲ್ ಬೆರೆಸಿದ್ದು. ಆ ಬೆಳ್ಳಗಿನ ಹೊಳಪು ಸಾಮಾನ್ಯವಾಗಿ ಮೇಲಿನ ರೋಡಿಯಂ ಲೇಪದ್ದು. ಲೇಪ ಸವೆದ ಕಡೆ ನಸು ಹಳದಿ ಇಣುಕುತ್ತದೆ, ಆಗಾಗ ಮತ್ತೆ ಹಾಕಿಸಬೇಕು. ನಿಕಲ್ ಕೆಲವರಿಗೆ ತುರಿಕೆ ತರುತ್ತದೆ, ಮೊದಲೇ ಕೇಳಿಕೊಳ್ಳಿ. ಪ್ಲಾಟಿನಮ್‌ಗೆ ಈ ತಾಪತ್ರಯ ಇಲ್ಲ. 950 ಮುದ್ರೆಯದು ಬಹುತೇಕ ಶುದ್ಧವೇ. ಅದೇ ಅಳತೆಯ 18 ಕ್ಯಾರೆಟ್ ಉಂಗುರಕ್ಕಿಂತ ಸುಮಾರು ಮೂರನೇ ಒಂದು ಭಾಗ ಜಾಸ್ತಿ ತೂಗುತ್ತದೆ. ಗೀರು ಇದಕ್ಕೂ ಬೀಳುತ್ತದೆ, ಆದರೆ ಲೋಹ ಉದುರಿಹೋಗುವುದು ಕಡಿಮೆ, ಪಕ್ಕಕ್ಕೆ ಸರಿದು ಅಲ್ಲೇ ಉಳಿಯುತ್ತದೆ. ಹರಳಿನ ಕಂಬಿಗೆ ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಭಾರ ಇಷ್ಟವಾಗದಿದ್ದರೆ 18ರ ಹಳದಿ ಚಿನ್ನವೇ ಸಾಕು.

ಉಂಗುರ ಕೈಗೆ ಬಂದ ಮೇಲೆ ತಿಂಗಳಿಗೊಮ್ಮೆ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. 'ಟಿಕ್ ಟಿಕ್' ಅಂದರೆ ಹರಳು ಸಡಿಲವಾಗಿದೆ ಅಂತ. ಸ್ವೆಟರಿನ ಎಳೆ ಕಂಬಿಗೆ ಸಿಕ್ಕಿಕೊಳ್ಳಲು ಶುರುವಾದರೂ ಅಷ್ಟೇ, ಅವತ್ತೇ ತೆಗೆದಿಟ್ಟು ರಿಪೇರಿಗೆ ಕೊಡಿ. ಡಿಸೈನ್ ಗೊತ್ತಾದ ಮೇಲೆ ಪಕ್ಕದಿಂದ ತೆಗೆದ ಒಂದು ಚಿತ್ರ ಇಲ್ಲಿ ಹಾಕಿ, ಹರಳು ಎಷ್ಟು ಎತ್ತರಕ್ಕೆ ನಿಂತಿದೆ ಅಂತ ನೋಡಿ ಹೇಳುತ್ತೇನೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಅದು ಗೊತ್ತಾಗುವುದಿಲ್ಲ.