ಚಡಾವಿನಲ್ಲಿ ಕೈಕೊಡುವ ಕಾರು: ದೋಷ ಥ್ರಾಟಲ್‌ನದ್ದೋ, ವೈರಿನದ್ದೋ?

ಪ್ರಶ್ನೆ: ನನ್ನದು 2016ರ ಪೆಟ್ರೋಲ್ ಕಾರು, 82,000 ಕಿ.ಮೀ. ಓಡಿದೆ. ಬದಿಯಡ್ಕದಿಂದ ಪೆರ್ಲ, ಅಡ್ಯನಡ್ಕ ದಾರಿಯಾಗಿ ವಾರಕ್ಕೆರಡು ಬಾರಿ ವಿಟ್ಲಕ್ಕೆ ಹೋಗಿಬರುತ್ತೇನೆ. ಕಳೆದ ಮಳೆಗಾಲದಿಂದ ಚಡಾವು ಹತ್ತುವಾಗ, ಹೆಚ್ಚಾಗಿ ಎರಡನೇ ಗೇರಿನಲ್ಲಿ, ಇದ್ದಕ್ಕಿದ್ದಂತೆ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಆಮೇಲೆ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಗಾಡಿ ತೆವಳುತ್ತದೆ. ಬದಿಗೆ ನಿಲ್ಲಿಸಿ, ಕೀ ತೆಗೆದು, ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಸ್ಕ್ಯಾನರ್‌ನಲ್ಲಿ ಪಿ 2135 ಎಂಬ ಕೋಡ್ ಬಂದಿತ್ತು. ಗ್ಯಾರೇಜಿನವರು ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಬಾಡಿಯನ್ನೇ ಹೊಸದು ಹಾಕಿದರು. ಮೂರು ವಾರ ಸರಿಯಿತ್ತು. ಈಗ ಅದೇ ಕೋಡ್, ಅದೇ ತೊಂದರೆ. ಇನ್ನು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಬದಲಿಸಬೇಕು ಎನ್ನುತ್ತಿದ್ದಾರೆ. ಬದಲಿಸಲೇ?

ಉತ್ತರ: ಸದ್ಯಕ್ಕೆ ಬದಲಿಸಬೇಡಿ. ನೀವು ಬರೆದ ನಾಲ್ಕು ಸಂಗತಿಗಳು, ಅಂದರೆ ಚಡಾವು, ಎರಡನೇ ಗೇರು, ಹೊಸ ಥ್ರಾಟಲ್ ಬಾಡಿ ಹಾಕಿದ ಮೇಲೂ ಮರುಕಳಿಸಿದ ಅದೇ ಕೋಡ್, ಮತ್ತು ನಡುವೆ ಸಿಕ್ಕಿದ ಮೂರು ವಾರದ ನೆಮ್ಮದಿ, ಇವೆಲ್ಲ ಸೇರಿ ತೋರಿಸುವುದು ಇಸಿಯುವನ್ನಲ್ಲ. ಥ್ರಾಟಲ್ ಬಾಡಿಗೂ ಇಸಿಯುವಿಗೂ ನಡುವೆ ಇರುವ ವೈರಿಂಗ್ ಮತ್ತು ಕನೆಕ್ಟರನ್ನು. ಅಲ್ಲಿಯೇ ದೋಷವಿದೆಯೆಂದು ಗಾಡಿ ನೋಡದೆ ತೀರ್ಪು ಕೊಡಲಾರೆ. ಆದರೆ ಹುಡುಕಬೇಕಾದ ಮೊದಲ ಜಾಗ ಅದೇ, ಮತ್ತು ಅಲ್ಲಿ ಹುಡುಕುವುದಕ್ಕೆ ಇಸಿಯುವಿನ ಬೆಲೆಯ ಒಂದು ಸಣ್ಣ ಪಾಲೂ ಖರ್ಚಾಗುವುದಿಲ್ಲ.

ಮೊದಲು ಆ ಕೋಡ್ ಏನನ್ನು ಹೇಳುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ಹಳೆಯ ಕಾರುಗಳಲ್ಲಿ ಪೆಡಲಿನಿಂದ ಥ್ರಾಟಲ್‌ಗೆ ಕೇಬಲ್ ಇರುತ್ತಿತ್ತು. ನಿಮ್ಮ ಕಾರಿನಲ್ಲಿ ಅದಿಲ್ಲ. ಪೆಡಲಿನ ಸೆನ್ಸರ್ ಪೆಡಲ್ ಎಷ್ಟು ಕೆಳಗಿಳಿದಿದೆ ಎಂಬುದನ್ನು ವೋಲ್ಟೇಜಾಗಿ ಇಸಿಯುವಿಗೆ ತಿಳಿಸುತ್ತದೆ, ಇಸಿಯು ಒಂದು ಸಣ್ಣ ಮೋಟರಿನ ಮೂಲಕ ಥ್ರಾಟಲ್‌ನ ತಟ್ಟೆಯನ್ನು ತಿರುಗಿಸುತ್ತದೆ, ತಟ್ಟೆ ನಿಜವಾಗಿ ಎಷ್ಟು ತೆರೆದಿದೆಯೆಂದು ಥ್ರಾಟಲ್ ಬಾಡಿಯೊಳಗಿನ ಸೆನ್ಸರ್ ಮರಳಿ ವರದಿ ಮಾಡುತ್ತದೆ. ಒಬ್ಬನ ಮಾತನ್ನೇ ನಂಬಿ ಎಂಜಿನ್ ನಡೆಸುವುದು ಅಪಾಯವೆಂದು ಪೆಡಲಿನಲ್ಲಿಯೂ ಥ್ರಾಟಲ್‌ನಲ್ಲಿಯೂ ಇಬ್ಬಿಬ್ಬರು ಸಾಕ್ಷಿಗಳನ್ನು, ಅಂದರೆ ಎರಡೆರಡು ಸೆನ್ಸರ್‌ಗಳನ್ನು, ಇಟ್ಟಿರುತ್ತಾರೆ. ಅನೇಕ ಕಾರುಗಳ ಥ್ರಾಟಲ್‌ನಲ್ಲಿ ಒಂದರ ವೋಲ್ಟೇಜ್ ಏರಿದಂತೆ ಇನ್ನೊಂದರದು ಇಳಿಯುತ್ತದೆ: ತಟ್ಟೆ ಮುಚ್ಚಿದಾಗ ಒಂದು 0.7 ವೋಲ್ಟ್ ತೋರಿಸಿದರೆ ಇನ್ನೊಂದು 4.3 ವೋಲ್ಟ್ ತೋರಿಸುತ್ತದೆ, ಎಲ್ಲಿ ಅಳೆದರೂ ಎರಡರ ಮೊತ್ತ ಸುಮಾರು 5 ವೋಲ್ಟ್. ಕೆಲವು ಕಂಪನಿಗಳ ಕ್ರಮ ಬೇರೆ ಇರುತ್ತದೆ, ಆದರೆ ಎರಡರ ನಡುವೆ ಗೊತ್ತಾದ ಒಂದು ಸಂಬಂಧ ಇದ್ದೇ ಇರುತ್ತದೆ. ಪಿ 2135 ಎಂದರೆ ಥ್ರಾಟಲ್‌ನ ಈ ಇಬ್ಬರು ಸಾಕ್ಷಿಗಳ ಹೇಳಿಕೆ ತಾಳೆಯಾಗಲಿಲ್ಲ ಎಂದಷ್ಟೇ ಅರ್ಥ. ಸಾಕ್ಷಿಯೇ ತಪ್ಪು ಹೇಳಿದನೋ, ಅವನ ಮಾತು ದಾರಿಯಲ್ಲಿ ಕೆಟ್ಟಿತೋ, ಕೋಡ್ ಅದನ್ನು ಹೇಳುವುದಿಲ್ಲ. ಕೋಡ್ ಹೆಸರಿಸುವುದು ಒಂದು ಸರ್ಕ್ಯೂಟನ್ನು, ಬಿಡಿಭಾಗವನ್ನಲ್ಲ. ಇದನ್ನು ಮರೆತು ಬಿಡಿಭಾಗ ತರಿಸುವುದರಿಂದಲೇ ನಿಮ್ಮಂಥವರ ಹಣ ಹೋಗುತ್ತಿರುವುದು, ಮತ್ತು ಅದು ನನಗೆ ನಿಜವಾಗಿ ನೋವು ತರುವ ಸಂಗತಿ.

ತಾಳೆಯಾಗದಿದ್ದಾಗ ಇಸಿಯು ಮೋಟರಿಗೆ ಕೊಡುವ ಕರೆಂಟನ್ನು ನಿಲ್ಲಿಸುತ್ತದೆ; ಆಗ ಒಳಗಿನ ಸ್ಪ್ರಿಂಗ್ ತಟ್ಟೆಯನ್ನು ಕೆಲವೇ ಡಿಗ್ರಿ ತೆರೆದ ಸ್ಥಾನಕ್ಕೆ ತಂದು ನಿಲ್ಲಿಸುತ್ತದೆ. ಗಾಡಿ ತೆವಳುವುದು ಇದರಿಂದ. ಕೀ ತೆಗೆದು ಹಾಕಿದಾಗ ಇಸಿಯು ಹೊಸದಾಗಿ ಪರೀಕ್ಷೆ ಮಾಡಿಕೊಳ್ಳುತ್ತದೆ, ಆ ಕ್ಷಣದಲ್ಲಿ ಎರಡು ಹೇಳಿಕೆಗಳೂ ಸರಿಯಿರುವುದರಿಂದ ಮತ್ತೆ ಒಪ್ಪಿಕೊಳ್ಳುತ್ತದೆ.

ಇನ್ನು ನಿಮ್ಮ ಚಡಾವಿಗೆ ಬರೋಣ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್‌ಗಳ ಮೇಲೆ. ಕೆಳ ಗೇರಿನಲ್ಲಿ ಭಾರ ಎಳೆಯುವಾಗ ಅದು ತನ್ನ ಜಾಗದಲ್ಲಿಯೇ ಒಂದು ಬದಿಗೆ ವಾಲುತ್ತದೆ. ಥ್ರಾಟಲ್ ಬಾಡಿ ಎಂಜಿನ್ನಿನ ಜೊತೆ ವಾಲುತ್ತದೆ. ಆದರೆ ಅನೇಕ ಕಾರುಗಳಲ್ಲಿ ಇಸಿಯು ಇರುವುದು ಬಾಡಿಯ ಕಡೆ, ಅದು ಕದಲುವುದಿಲ್ಲ. ಹಾಗಾಗಿ ಇವೆರಡರ ನಡುವಿನ ವೈರಿನ ಕಟ್ಟು ಪ್ರತಿ ಏರಿನಲ್ಲಿಯೂ ಎಳೆಯಲ್ಪಡುತ್ತದೆ, ಇಳಿಜಾರಿನಲ್ಲಿ ಸಡಿಲಾಗುತ್ತದೆ. 82,000 ಕಿ.ಮೀ. ಓಡಿದ ಗಾಡಿಯ ಮೌಂಟಿಂಗ್ ರಬ್ಬರ್ ಸೋತಿದ್ದರೆ ಈ ಎಳೆತ ಇನ್ನೂ ಹೆಚ್ಚು. ಕನೆಕ್ಟರಿನ ಪಿನ್ ಸ್ವಲ್ಪ ಸಡಿಲವಿದ್ದರೂ, ಒಂದು ವೈರಿನೊಳಗೆ ತಾಮ್ರದ ಎಳೆಗಳು ಹರಿದಿದ್ದರೂ, ಸಂಪರ್ಕ ತಪ್ಪುವುದು ಚಡಾವಿನಲ್ಲಿಯೇ.

ಮೂರು ವಾರದ ನೆಮ್ಮದಿಯೂ ಇದಕ್ಕೆ ಹೊಂದುತ್ತದೆ. ಹೊಸ ಥ್ರಾಟಲ್ ಬಾಡಿ ಹಾಕುವಾಗ ಹಳೆಯ ಕನೆಕ್ಟರನ್ನು ಕಿತ್ತು ಮತ್ತೆ ಚುಚ್ಚಿರುತ್ತಾರೆ. ಹಾಗೆ ಮಾಡಿದಾಗ ಪಿನ್ನುಗಳ ಮೇಲಿನ ಆಕ್ಸೈಡ್ ಪದರ ಒರೆಸಿಹೋಗಿ ಕೆಲವು ದಿನ ಸಂಪರ್ಕ ಚೆನ್ನಾಗಿರುತ್ತದೆ. ವೈರಿನ ಕಟ್ಟು ಕೂತ ಭಂಗಿಯೂ ಬದಲಾಗಿರುತ್ತದೆ. ರೋಗ ಹೋಗಿರಲಿಲ್ಲ, ಮಗ್ಗುಲು ಬದಲಿಸಿ ಮಲಗಿತ್ತು.

ನಮ್ಮ ಕಾಸರಗೋಡಿನ ಹವೆಯನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಮೇಲಿಂದ ಕಡಲಿನ ಉಪ್ಪುಗಾಳಿ. ಹಿತ್ತಾಳೆ ಕೊಡಪಾನಕ್ಕೆ ಹಿಡಿಯುವಂಥ ಹಸಿರು ಕಿಲುಬು ಕನೆಕ್ಟರಿನ ಒಳಗೂ ಹಿಡಿಯುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಅಡಕೆ ತೋಟದ ಮನೆಗಳಲ್ಲಿ ಮಳೆಗಾಲದಲ್ಲಿ ಇಲಿ ಹೆಗ್ಗಣಗಳು ಎಂಜಿನ್ನಿನ ಬೆಚ್ಚನೆಯ ಜಾಗದಲ್ಲಿ ಸೇರಿಕೊಂಡು ವೈರು ಕಡಿಯುವುದು ಕೂಡ ನಾನು ಆಗಾಗ ನೋಡುವ ಕಾರಣ. ಪೂರ್ತಿ ಕಡಿದರೆ ಪತ್ತೆ ಸುಲಭ. ಅರ್ಧ ಕಡಿದು ಬಿಟ್ಟದ್ದೇ ತಿಂಗಳುಗಟ್ಟಲೆ ಕಾಡುತ್ತದೆ.

ಪರೀಕ್ಷೆಯನ್ನು ಹೀಗೆ ಮಾಡಿಸಿ. ಕೋಡನ್ನು ಅಳಿಸುವ ಮೊದಲು ಸ್ಕ್ಯಾನರ್‌ನಲ್ಲಿ ಕಾಣುವ ಎಲ್ಲ ಕೋಡ್‌ಗಳನ್ನೂ ಫ್ರೀಜ್ ಫ್ರೇಮ್ ಎಂಬ ದಾಖಲೆಯನ್ನೂ ಬರೆದಿಟ್ಟುಕೊಳ್ಳಬೇಕು. ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ನಿನ ವೇಗ, ಗಾಡಿಯ ವೇಗ, ಕೂಲೆಂಟಿನ ಬಿಸಿ ಎಷ್ಟಿತ್ತೆಂದು ಅದರಲ್ಲಿರುತ್ತದೆ. ಕೆಲವು ಗಾಡಿಗಳಲ್ಲಿ ಬ್ಯಾಟರಿಯ ವೋಲ್ಟೇಜೂ ಇರುತ್ತದೆ. ಪಿ 2135 ಒಂದೇ ಇದ್ದರೆ ಒಂದು ದಾರಿ. ಅದರ ಜೊತೆಗೆ ಪಿ 0641ರಂಥ, ಸೆನ್ಸರ್‌ಗಳಿಗೆ ಕೊಡುವ 5 ವೋಲ್ಟ್ ಪೂರೈಕೆಗೆ ಸಂಬಂಧಿಸಿದ ಕೋಡ್ ಇದ್ದರೆ ಬೇರೆ ದಾರಿ. ಯಾಕೆಂದರೆ ಅದೇ 5 ವೋಲ್ಟ್ ಇತರ ಸೆನ್ಸರ್‌ಗಳಿಗೂ ಹಂಚಿಕೆಯಾಗಿರಬಹುದು, ಆಗ ಎಲ್ಲಿಯೋ ಒಂದು ಕಡೆ ಶಾರ್ಟ್ ಆದರೆ ಥ್ರಾಟಲ್ ಸುಮ್ಮನೆ ಬೈಗುಳ ತಿನ್ನುತ್ತದೆ. ಪಿ 2138 ಬಂದಿದ್ದರೆ ಅದು ಥ್ರಾಟಲ್‌ನದ್ದಲ್ಲ, ಪೆಡಲಿನ ಸೆನ್ಸರ್‌ಗಳದ್ದು. ಈ ಎರಡು ಕೋಡ್‌ಗಳನ್ನು ಅದಲು ಬದಲು ಮಾಡಿಕೊಂಡು ತಪ್ಪು ಭಾಗ ಹಾಕಿದ ಗಾಡಿಗಳನ್ನೂ ಕಂಡಿದ್ದೇನೆ.

ಆಮೇಲೆ ಥ್ರಾಟಲ್‌ನ ಕನೆಕ್ಟರ್. ಸಾಮಾನ್ಯವಾಗಿ ಅದರಲ್ಲಿ ಆರು ವೈರುಗಳಿರುತ್ತವೆ: ಮೋಟರಿಗೆ ಎರಡು, 5 ವೋಲ್ಟ್ ಒಂದು, ಸೆನ್ಸರಿನ ಅರ್ತ್ ಒಂದು, ಸಿಗ್ನಲ್ ಎರಡು. ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್, ಏಸಿ ಹಾಕಿ, ಸೆನ್ಸರಿನ ಅರ್ತ್ ಪಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ವೋಲ್ಟೇಜ್ ಅಳೆಯಿರಿ. 0.1 ವೋಲ್ಟಿಗಿಂತ ಹೆಚ್ಚಿದ್ದರೆ ಅರ್ತ್ ಸರಿಯಿಲ್ಲ. ಅಳೆಯುವಾಗ ವೈರಿನ ಹೊದಿಕೆಯನ್ನು ಸೂಜಿಯಿಂದ ಚುಚ್ಚಲು ಬಿಡಬೇಡಿ. ಆ ಸಣ್ಣ ತೂತಿನಿಂದ ನಮ್ಮ ಮಳೆಯ ನೀರು ಒಳಗಿಳಿದು ಮುಂದಿನ ವರ್ಷ ಇನ್ನೊಂದು ದೋಷವಾಗುತ್ತದೆ. ಕನೆಕ್ಟರಿನ ಹಿಂಬದಿಯಿಂದ ತೆಳು ಪಿನ್ ತೂರಿಸಿ ಅಳೆಯುವುದು ಸರಿಯಾದ ಕ್ರಮ.

ನಂತರ ಬರುವುದೇ ಮುಖ್ಯ ಪರೀಕ್ಷೆ. ಎರಡು ಸಿಗ್ನಲ್‌ಗಳನ್ನು ನೋಡುತ್ತ, ಕಟ್ಟನ್ನು ಕನೆಕ್ಟರಿನಿಂದ ಇಸಿಯುವಿನವರೆಗೆ ಗೇಣು ಗೇಣಾಗಿ ಹಿಡಿದು, ಬಗ್ಗಿಸಿ, ಮೆಲ್ಲನೆ ಎಳೆದು ಪರೀಕ್ಷಿಸುವುದು. ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಇದ್ದರೆ ಉತ್ತಮ. ಸಾಮಾನ್ಯ ಡಿಜಿಟಲ್ ಮೀಟರ್ ಸೆಕೆಂಡಿಗೆ ಕೆಲವೇ ಬಾರಿ ಅಂಕಿ ಬದಲಿಸುವುದರಿಂದ ಕ್ಷಣಮಾತ್ರದ ತಪ್ಪನ್ನು ನುಂಗಿಬಿಡುತ್ತದೆ. ಕನಿಷ್ಠ ಗರಿಷ್ಠಗಳನ್ನು ಹಿಡಿದಿಡುವ ಮೀಟರಾದರೆ ಸ್ವಲ್ಪ ಮೇಲು. ಎಂಜಿನ್ ವಾಲುವುದನ್ನು ನಿಂತಲ್ಲಿಯೇ ತರಿಸಬಹುದು: ಅನುಭವಸ್ಥ ಮೆಕ್ಯಾನಿಕ್ ಹ್ಯಾಂಡ್‌ಬ್ರೇಕ್ ಮತ್ತು ಬ್ರೇಕ್ ಎರಡನ್ನೂ ಹಿಡಿದು, ಮೊದಲನೇ ಗೇರಿನಲ್ಲಿ, ಮತ್ತೆ ರಿವರ್ಸಿನಲ್ಲಿ, ಕ್ಲಚ್ಚನ್ನು ಚೂರು ಬಿಟ್ಟು ಹಿಡಿದರೆ ಎಂಜಿನ್ ಎಷ್ಟು ಕದಲುತ್ತದೆಂದು ಬದಿಯಲ್ಲಿ ನಿಂತವರಿಗೆ ಕಾಣುತ್ತದೆ. ಆಗ ಗಾಡಿಯ ಮುಂದೆಯಾಗಲಿ ಹಿಂದೆಯಾಗಲಿ ಯಾರೂ ನಿಲ್ಲಬಾರದು.

ನಾನೊಮ್ಮೆ ಇಂಥದೇ ಒಂದು ಗಾಡಿಯಲ್ಲಿ ಅರ್ಧ ದಿನ ಹುಡುಕಿದ್ದೆ. ಆರು ವೈರುಗಳ ಹೊದಿಕೆಯೂ ಹೊಸದರಂತೆ ಇತ್ತು, ಕಿಲುಬಿರಲಿಲ್ಲ. ಕೊನೆಗೆ ಒಂದೊಂದನ್ನೇ ಎರಡು ಬೆರಳಿನ ನಡುವೆ ಹಿಡಿದು ಮೆಲ್ಲನೆ ಎಳೆದಾಗ, ಕನೆಕ್ಟರಿನಿಂದ ಎರಡು ಅಂಗುಲ ಹಿಂದೆ, ಕ್ಲಿಪ್ಪಿನ ಪಕ್ಕದಲ್ಲಿ, ಒಂದು ವೈರು ರಬ್ಬರಿನಂತೆ ಉದ್ದವಾಯಿತು. ಒಳಗೆ ತಾಮ್ರ ತುಂಡಾಗಿತ್ತು, ಹೊದಿಕೆಯೊಂದೇ ಎರಡು ತುದಿಗಳನ್ನು ಹತ್ತಿರ ಹಿಡಿದುಕೊಂಡಿತ್ತು. ಸಮತಟ್ಟಿನಲ್ಲಿ ತುದಿಗಳು ತಾಗುತ್ತಿದ್ದವು, ಏರಿನಲ್ಲಿ ಅಗಲುತ್ತಿದ್ದವು. ಆ ಗಾಡಿಗೂ ಅದಕ್ಕೆ ಮೊದಲೇ ಹೊಸ ಥ್ರಾಟಲ್ ಬಾಡಿ ಬಂದಿತ್ತು.

ವೈರು ತುಂಡಾಗಿದ್ದರೆ ಅದೇ ದಪ್ಪದ ವೈರಿನ ತುಂಡು ಸೇರಿಸಿ, ಒಳಬದಿಗೆ ಅಂಟು ಸವರಿರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್‌ಶ್ರಿಂಕ್ ಕೊಳವೆ ಹಾಕಿ, ಎಂಜಿನ್ ವಾಲಿದರೂ ಎಳೆಯದಷ್ಟು ಸಡಿಲು ಬಿಡಬೇಕು. ಕಪ್ಪು ಟೇಪು ಸುತ್ತಿ ಮುಗಿಸುವುದು ರಿಪೇರಿಯಲ್ಲ. ಪಿನ್ ಸಡಿಲವಿದ್ದರೆ ಟರ್ಮಿನಲ್ ಹೊಸದು ಹಾಕಬೇಕು. ಕಿಲುಬಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಬಳಸಲಿ. ಉಪ್ಪುಕಾಗದದಿಂದ ಉಜ್ಜಿದರೆ ಪಿನ್ನಿನ ಲೇಪ ಹೋಗಿ ಕಿಲುಬು ಇನ್ನೂ ಬೇಗ ಮರಳುತ್ತದೆ. ಮೌಂಟಿಂಗ್ ಸೋತಿದ್ದರೆ ಅದನ್ನೂ ಅದೇ ದಿನ ಬದಲಿಸಿ, ಇಲ್ಲದಿದ್ದರೆ ಸರಿಮಾಡಿದ ವೈರು ಮತ್ತೆ ಅಲ್ಲಿಯೇ ಹರಿಯುತ್ತದೆ. ಹೊಸ ಥ್ರಾಟಲ್ ಬಾಡಿಗೆ ನಿಮ್ಮ ಮಾದರಿಗೆ ಹೇಳಿದ ಕ್ರಮದಲ್ಲಿ ರೀಲರ್ನ್, ಅಂದರೆ ಹೊಸ ತಟ್ಟೆಯ ಸ್ಥಾನವನ್ನು ಇಸಿಯುವಿಗೆ ಕಲಿಸುವ ಕೆಲಸ, ಮಾಡಿದ್ದಾರೆಯೇ ಎಂದೂ ಕೇಳಿ.

ಇಸಿಯುವನ್ನು ದೂರಬೇಕಾದರೆ ಅದರ ಪಿನ್ನಿನಲ್ಲಿಯೇ ಅಳೆದು ತೋರಿಸಬೇಕು: ಅದಕ್ಕೆ ಬರುವ ಬ್ಯಾಟರಿ ವೋಲ್ಟೇಜ್, ಅರ್ತ್, ಎರಡೂ ಸಿಗ್ನಲ್ ಸರಿಯಿದ್ದು, ದೋಷ ಬಂದ ಕ್ಷಣದಲ್ಲಿಯೂ ಸರಿಯಿದ್ದು, ಸ್ಕ್ಯಾನರ್ ಮಾತ್ರ ತಪ್ಪು ಅಂಕಿ ತೋರಿಸಿದರೆ ಆಗ ನಾನೂ ಒಪ್ಪುತ್ತೇನೆ. ಗುಜರಿಯಿಂದ ತಂದ ಇಸಿಯು ಅಗ್ಗವೆಂದು ಒಪ್ಪಬೇಡಿ. ಇಮೊಬಿಲೈಸರ್ ಎಂಬ ಕಳವು ತಡೆಯುವ ವ್ಯವಸ್ಥೆ ಇರುವ ಕಾರಿನಲ್ಲಿ ಕೀಲಿಯ ಗುರುತು ಹೊಂದದೆ ಗಾಡಿ ಸ್ಟಾರ್ಟೇ ಆಗದಿರಬಹುದು.

ಪತ್ತೆಯಾಗುವ ತನಕ ರಾಷ್ಟ್ರೀಯ ಹೆದ್ದಾರಿ 66ರ ಕಡೆ, ಅದೂ ಲಾರಿಗಳ ನಡುವೆ, ಈ ಗಾಡಿ ಒಯ್ಯದಿರುವುದು ಒಳ್ಳೆಯದು. ಓಡುತ್ತಿರುವಾಗ ತೊಂದರೆ ಬಂದರೆ ಹಜಾರ್ಡ್ ದೀಪ ಹಾಕಿ, ತೆವಳುವ ವೇಗದಲ್ಲಿಯೇ ಎಡಕ್ಕೆ ಸರಿದು, ಪೂರ್ತಿ ನಿಂತ ಮೇಲೆ ಮಾತ್ರ ಕೀ ತೆಗೆಯಿರಿ. ಚಲಿಸುವಾಗ ಕೀ ತೆಗೆದರೆ ಪವರ್ ಸ್ಟೀರಿಂಗ್ ಹೋಗುತ್ತದೆ, ಬ್ರೇಕ್ ಗಟ್ಟಿಯಾಗುತ್ತದೆ, ಸ್ಟೀರಿಂಗ್ ಲಾಕ್ ಕೂಡ ಬೀಳಬಹುದು.

ಪ್ರಶ್ನೆ: ನನ್ನ ಬಿಎಸ್ 6 ಕಾರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಒತ್ತಿದಾಗ ಕೆಲವೊಮ್ಮೆ ಎರಡು ಮೂರು ಸೆಕೆಂಡು ಎಂಜಿನ್ ಪ್ರತಿಕ್ರಿಯಿಸುವುದೇ ಇಲ್ಲ. ದೀಪವೂ ಹೊತ್ತುವುದಿಲ್ಲ. ಥ್ರಾಟಲ್ ಬಾಡಿ ತೊಳೆಸಿದರೂ ಹಾಗೆಯೇ ಇದೆ. (ಮಂಜೇಶ್ವರದ ಓದುಗರು)

ಉತ್ತರ: ಬ್ರೇಕ್ ಪೆಡಲಿನ ಮೇಲಿರುವ ಸ್ವಿಚ್ಚನ್ನು ಮೊದಲು ನೋಡಿಸಿ. ಬ್ರೇಕ್ ಮತ್ತು ಆಕ್ಸಿಲರೇಟರ್ ಎರಡೂ ಒಟ್ಟಿಗೆ ಒತ್ತಲ್ಪಟ್ಟಿವೆ ಎಂದು ತಿಳಿದರೆ ಅನೇಕ ಕಾರುಗಳ ಇಸಿಯು ಬ್ರೇಕಿಗೇ ಮನ್ನಣೆ ಕೊಟ್ಟು ಎಂಜಿನ್ನಿನ ಶಕ್ತಿ ಇಳಿಸುತ್ತದೆ. ಸ್ವಿಚ್ ಅಂಟಿಕೊಂಡಿದ್ದರೆ ನೀವು ಕಾಲು ತೆಗೆದ ಮೇಲೂ ಬ್ರೇಕ್ ಒತ್ತಿದ ಸುದ್ದಿಯೇ ಹೋಗುತ್ತಿರುತ್ತದೆ. ಸಂಜೆ ಗೋಡೆಗೆ ಹಿಂಬದಿ ಮಾಡಿ ಗಾಡಿ ನಿಲ್ಲಿಸಿ, ಬ್ರೇಕ್ ಇಪ್ಪತ್ತು ಮೂವತ್ತು ಬಾರಿ ಒತ್ತಿ ಬಿಡಿ. ಪ್ರತಿ ಬಾರಿಯೂ ಕಾಲು ತೆಗೆದ ಕೂಡಲೇ ಗೋಡೆಯ ಮೇಲಿನ ಕೆಂಪು ಬೆಳಕು ಆರುತ್ತದೆಯೇ ಎಂದು ಕನ್ನಡಿಯಲ್ಲಿ ನೋಡಿ. ಒಮ್ಮೆ ತಡವಾಗಿ ಆರಿದರೂ ಸ್ವಿಚ್ ಬದಲಿಸಿ. ಸರಿಯಾಗಿ ಆರಿದರೂ ಪರೀಕ್ಷೆ ಮುಗಿಯಲಿಲ್ಲ, ಯಾಕೆಂದರೆ ಕೆಲವು ಸ್ವಿಚ್ಚುಗಳಲ್ಲಿ ದೀಪಕ್ಕೊಂದು, ಇಸಿಯುವಿಗೊಂದು ಎಂದು ಬೇರೆ ಬೇರೆ ಸಂಪರ್ಕಗಳಿರುತ್ತವೆ. ಎರಡನೆಯದನ್ನು ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿಯೇ ನೋಡಬೇಕು.