ಫೆನ್ಸ್ ಅಲ್ಲ, ಟೇಬಲ್ ಹಲಗೆ ಜಗ್ಗಿದೆ
ಸರ್, ಮನೆಯಲ್ಲೇ ಮಾಡಿದ ರೂಟರ್ ಟೇಬಲ್ (ಕಟ್ಟಿಗೆ ಕೊರೆಯುವ ರೂಟರ್ ಯಂತ್ರವನ್ನು ಅಡಿಗೆ ಕೂರಿಸಿದ ಮೇಜು) ಮೇಲೆ ಉದ್ದ ಕಟ್ಟಿಗೆ ಪಟ್ಟಿ ಓಡಿಸಿದರೆ ಗ್ರೂವ್, ಅಂದರೆ ಕೊರೆದ ಗಾಡಿ, ತುದಿಗಳಲ್ಲಿ ಆಳ, ನಡುವೆ ಕಡಿಮೆ ಬರುತ್ತದೆ, ಫೆನ್ಸ್ (ಕಟ್ಟಿಗೆಯನ್ನು ಒತ್ತಿ ಸಾಗಿಸುವ ನೇರ ಆಸರೆ ಪಟ್ಟಿ) ಬದಲಿಸಲೇ ಅಂತ ಕೇಳಿದ್ದೀರಿ. ಫೆನ್ಸಿಗೂ ಆಳಕ್ಕೂ ಸಂಬಂಧ ಇಲ್ಲ. 12 ಎಂಎಂ ಪ್ಲೈವುಡ್‌ಗೆ ರೂಟರ್ ನೇತುಹಾಕಿದ್ದೀರಲ್ಲ, ಆ ಭಾರಕ್ಕೆ ನಡುವೆ ಜಗ್ಗಿರಬೇಕು. ಉದ್ದನೆಯ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿ, ಕೆಳಗೆ ಬೆಳಕು ಕಂಡರೆ ಅದೇ ಕಾರಣ. ಬೆಳಗಾವಿ ಮಳೆಗಾಲದಲ್ಲಿ ನನ್ನ ಮೊದಲ ಟೇಬಲ್ಲಿಗೂ ಹೀಗೇ ಆಗಿತ್ತು, ಸುಮ್ನೆ ಎರಡು ವಾರ ಫೆನ್ಸ್ ಜೊತೆ ಗುದ್ದಾಡಿದೆ.

18 ಎಂಎಂ ಪ್ಲೈ ಎರಡು ಪದರ ಅಂಟಿಸಿ, ಮೇಲೆ ಕೆಳಗೆ ಎರಡೂ ಕಡೆ ಮೈಕಾ ಹಾಕಿ, ಒಂದೇ ಕಡೆ ಹಾಕಿದರೆ ಮತ್ತೆ ಬಾಗುತ್ತದೆ. ಅಡಿಯಲ್ಲಿ ರೂಟರಿನ ಎರಡೂ ಪಕ್ಕ ಕಬ್ಬಿಣದ ಆಂಗಲ್ ಕೊಡಿ. ರೂಟರ್ ಕೂರಿಸಲು 6 ಎಂಎಂ ಅಲ್ಯೂಮಿನಿಯಂ ಪ್ಲೇಟ್ ಸಾಕು, ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಯಾವುದಾದರೂ ಮಷಿನ್ ಶಾಪ್‌ನಲ್ಲಿ ತೂತು ಹೊಡೆಸಿಕೊಳ್ಳಿ.

ಫೆನ್ಸ್ ಟೇಬಲ್ ಅಂಚಿಗೆ ಸಮಾನಾಂತರ ಇರಬೇಕು ಅಂತೇನಿಲ್ಲ. ಬಿಟ್ (ರೂಟರಿನಲ್ಲಿ ತಿರುಗುತ್ತಾ ಕೊರೆಯುವ ಅಲಗು) ದುಂಡಗಿದೆ ಅಲ್ವಾ, ಫೆನ್ಸ್ ನೆಟ್ಟಗಿದ್ದರೆ ಆಯಿತು.

ಇನ್ನೊಂದು, ಎಡದಿಂದ ಬಲಕ್ಕೆ ತಳ್ಳುತ್ತೇನೆ ಅಂದಿದ್ದೀರಿ, ಅದನ್ನು ಇವತ್ತೇ ಬಿಡಿ. ಫೆನ್ಸ್ ಎದುರು ನಿಂತು ಬಲದಿಂದ ಎಡಕ್ಕೆ ತಳ್ಳಬೇಕು. ಇಲ್ಲದಿದ್ದರೆ ಬಿಟ್ ಕಟ್ಟಿಗೆಯನ್ನು ಕೈಯಿಂದ ಕಿತ್ತುಕೊಂಡು ಒಗೆಯುತ್ತದೆ, ಬೆರಳು ಹಿಂದೆಯೇ ಹೋಗಬಹುದು.